ಕೊನೆಯ ಆಟದ ಮಂಗಲ

ನಾನು ಬಿ.ಎ. ಪಾಸಾಗುವುದು ಸಾಧ್ಯವೇ ಇಲ್ಲ ಎಂದು ಎಲ್ಲರಿಗಿಂತ ಮೊದಲು ಹೇಳಿದವನು ನನ್ನ ಸೋದರಮಾವ. ಮನೆಯೊಳಗೆ ಹೇಳಿದ್ದರೆ ಮಾತು ಬೇರೆ. ನಮ್ಮೂರು ಸಂಶಿಯ ಬಸ್ ಸ್ಟ್ಯಾಂಡಿನ ಚಹಾದಂಗಡಿ ಮುಂದೆ, ನಾಲ್ಕು ಮಂದಿಗೆ ಕೇಳುವ ಹಾಗೆ ಹೇಳಿದ.

"ನಮ್ಮ ಓಣ್ಯಾಗ ಗಂಡಹುಡುಗೂರ ಎಸ್ಸೆಸ್ಸೆಲ್ಸಿ ದಾಟಿಲ್ಲ. ಇಕಿ ಆ ಟಿವಿ ಆಟದ ಅಂಗಡ್ಯಾಗ ಕುಂತು ಬಿ.ಎ. ಆಗ್ತಾಳಂತ. ಕರೇ ಎಮ್ಮಿ ಬಿಳೇ ಕರಾ ಹಾಕಿದ ದಿನ ಹೇಳ್ರಿ, ಪೇಡೆ ಹಂಚೂಣು."

ನಾನು ಪಾಸಾದೆ. ಕುಂದಗೋಳಕ್ಕೆ ಬಸ್ಸಿನಲ್ಲಿ ನಿಂತುಕೊಂಡು ಹೋಗಿ ಬಂದು, ರಜೆಯಲ್ಲಿ ಅವ್ವನ ಜೊತೆ ಮೆಣಸಿನಕಾಯಿ ಬಿಡಿಸಿ, ಇಂಗ್ಲಿಷ್ ತೆಗೆದುಕೊಂಡು ಪಾಸಾದೆ. ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವಳು ನಾನು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಅದೇ ಮಾವ ನನ್ನ ಡಿಗ್ರಿಯನ್ನು ಎದೆಗೆ ಹಿಡಿದು ಫೋಟೊ ತೆಗೆಸಿಕೊಂಡು ತನ್ನ ಸ್ಟೇಟಸ್ಸಿಗೆ ಹಾಕಿದ. ಪೇಡೆ ಮಾತ್ರ ಹಂಚಲಿಲ್ಲ.

ಇರಲಿ. ನಾನು ಬರೆಯಲು ಕುಳಿತದ್ದು ಮಾವನ ಬಗ್ಗೆ ಅಲ್ಲ. ಅವನು ಹಂಗಿಸಿದ ಆ ಅಂಗಡಿಯ ಹೆಣ್ಣುಮಗಳ ಬಗ್ಗೆ. ಆಕೆ ಹೋಗಿ ಇನ್ನೂ ವರ್ಷ ತುಂಬಿಲ್ಲ. ಊರ ಹುಡುಗರೆಲ್ಲ ಆಕೆಯನ್ನು ಚಿಕ್ಕಮ್ಮನಿಗೆ ಅನ್ನುವ ಹಾಗೆ ಕಾಕು ಎನ್ನುತ್ತಿದ್ದರು, ನಾನೂ ಹಾಗೇ ಎನ್ನುತ್ತಿದ್ದೆ. ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿಲ್ಲ.

ಅಂಗಡಿ ಎಂದರೆ ಆಕೆಯ ಮನೆಯ ಮುಂದಿನ ಕೋಣೆ. ಬಾಜುವಿನಲ್ಲಿ ಹಿಟ್ಟಿನ ಗಿರಣಿ ಇದ್ದುದರಿಂದ ಟಿವಿಯ ಮೇಲೆ ಯಾವಾಗಲೂ ಒಂದು ಪದರು ಹಿಟ್ಟು. ಟಿವಿ, ಆಟದ ಮಷಿನ್ನು, ಎರಡು ರಿಮೋಟು, ಎಲ್ಲ ಆಕೆಯ ಗಂಡ ಹುಬ್ಬಳ್ಳಿಯಿಂದ ತಂದ ಹಳೆಯ ಸಾಮಾನು. ಅವನು ಟ್ರ್ಯಾಕ್ಟರ್ ಪಲ್ಟಿಯಾಗಿ ಸತ್ತ. ದಿನಕರ್ಮ ಮುಗಿದ ಮರುದಿನವೇ ಕಾಕು ಅಂಗಡಿಯ ಬಾಗಿಲು ತೆಗೆದಳು. ಊರು ಮಾತಾಡಿತು. ಆಕೆಯ ಅತ್ತೆಯೂ ಮಾತಾಡಿದಳು. ಕಾಕು ಟಿವಿಯ ಹಿಟ್ಟು ಒರೆಸಿ ಸ್ವಿಚ್ ಹಾಕಿದಳು, ಅಷ್ಟೆ.

ಅಲ್ಲಿ ಆಡುತ್ತಿದ್ದುದು ಒಂದೇ ಆಟ, ಜಪಾನಿನವರು ಮಾಡಿದ ಒಂದು ಹೊಡೆದಾಟ. ಇಬ್ಬರು ಎದುರುಬದುರು ನಿಲ್ಲುತ್ತಾರೆ, ಒಬ್ಬರು ಬೀಳುವ ತನಕ ಬಡಿದಾಡುತ್ತಾರೆ. ಅದು ಭಾಗ ಭಾಗವಾಗಿ ಬರುತ್ತಿತ್ತು. ಮೊದಲನೆಯದು ಗಂಡ ತಂದದ್ದು, ಆಮೇಲಿನವನ್ನು ಹುಡುಗರೇ ಹುಡುಕಿ ತಂದುಕೊಟ್ಟರು. ಭಾಗದಿಂದ ಭಾಗಕ್ಕೆ ಕಥೆ ಮುಂದುವರಿಯುತ್ತಿತ್ತು. ಒಂದು ಕೋಟೆ, ಒಂದು ಮನೆತನ, ತಲೆಮಾರಿನ ಸೇಡು. ಆದರೆ ಕಥೆ ಇದ್ದುದು ಹೊಡೆದಾಟದ ನಡುವೆ ಬರುವ ಇಂಗ್ಲಿಷ್ ಸಾಲುಗಳಲ್ಲಿ. ಹುಡುಗರು ಗುಂಡಿ ಒತ್ತಿ ಅದನ್ನು ದಾಟಿಸಿಬಿಡುತ್ತಿದ್ದರು.

ಕಾಕುವಿಗೆ ಇದು ತಡೆಯುತ್ತಿರಲಿಲ್ಲ. "ಕತಿ ಗೊತ್ತಿಲ್ದ ಹೊಡೆದಾಡಾಕ ನೀವೇನ ಟಗರೇನ್ರಲೇ?"

ಇದಕ್ಕೆ ಕಾರಣವಿತ್ತು. ಆಕೆಯ ಮಾವ, ಗಂಡನ ಅಪ್ಪ, ಪುರಾಣದ ಅರ್ಥ ಹೇಳುವವರು. ನಮ್ಮ ಕಡೆ ಶ್ರಾವಣದಲ್ಲಿ ಪುರಾಣ ಹಚ್ಚುತ್ತಾರೆ. ಒಬ್ಬರು ಓದುತ್ತಾರೆ, ಇನ್ನೊಬ್ಬರು ಅರ್ಥ ಹೇಳುತ್ತಾರೆ. ಓದುವವರು ಒಂದಕ್ಷರ ಬಿಡುವಂತಿಲ್ಲ, ಸೇರಿಸುವಂತಿಲ್ಲ. ಅರ್ಥ ಹೇಳುವವರು ಮಾತ್ರ ಎಲ್ಲಿಗೆ ಬೇಕಾದರೂ ಹೋಗಿ ಬರಬಹುದು. ಕಡೆಯ ದಿನ ಮಂಗಲ, ಆರತಿ, ಹುಗ್ಗಿ ಊಟ. ಮಂಗಲ ಆಗದೆ ಉಳಿದ ಪುರಾಣ ಅದನ್ನು ಹಚ್ಚಿದ ಮನೆಯನ್ನೇ ತಿನ್ನುತ್ತದೆ ಎಂಬ ಮಾತಿದೆ. ಕಾಕುವಿನ ಮಾವ ಒಂದು ಶ್ರಾವಣದಲ್ಲಿ ಪುರಾಣ ಅರ್ಧಕ್ಕೆ ಬಂದಾಗ ತೀರಿಕೊಂಡರು. ಆ ವರ್ಷ ಮಂಗಲ ಆಗಲಿಲ್ಲ. ಮುಂದೆ ಅವರ ಮಗ, ಕಾಕುವಿನ ಗಂಡ, ಹೋದ. ಅತ್ತೆ ಉಳಿದ ಮಂಗಲ, ಮಗನ ಸಾವು ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿ ಇಟ್ಟುಕೊಂಡಿದ್ದಳು.

ನಾನು ಪುರಾಣ ಕೇಳಿದ್ದು ಗುಡಿಯ ಹೊರಗಿನ ಕಟ್ಟೆಯ ಮೇಲೆ ಕುಳಿತು. ನಮ್ಮ ಕೇರಿಯವರು ಅಲ್ಲಿಯೇ ಕುಳಿತುಕೊಳ್ಳುವುದು. ನಮ್ಮ ಮನೆಯ ಗೋಡೆಯ ಮೇಲೆ ಬುದ್ಧನ ಫೋಟೊ ಇದೆ. ಅಪ್ಪ ಅದನ್ನು ಹಾಕಿದ ಮೇಲೆ ಕಟ್ಟೆಯ ಮೇಲೂ ಕುಳಿತುಕೊಳ್ಳಬೇಡ ಎಂದ. ಆದರೆ ಕಿವಿಗೆ ರುಚಿ ಹತ್ತಿಬಿಟ್ಟಿತ್ತು.

ಹಾಗಾಗಿ ಒಂದು ದಿನ ಗಿರಣಿಗೆ ಜೋಳ ಒಯ್ದವಳು ಸರತಿ ಬರುವ ತನಕ ಕಾಕುವಿನ ಅಂಗಡಿಯ ಬಾಗಿಲಲ್ಲಿ ನಿಂತೆ. ಟಿವಿಯ ಮೇಲೆ ಇಂಗ್ಲಿಷ್ ಸಾಲು ಬಂತು. ನಾನು ಮೆಲ್ಲಗೆ ಬಾಯಿಬಿಟ್ಟು ಓದಿದೆ. ಅರ್ಧ ತಪ್ಪು ಓದಿರಬೇಕು. ಕಾಕು ತಿರುಗಿ ನೋಡಿದಳು.

"ಏನಂದಿ? ಇನ್ನೊಮ್ಮೆ ಅನ್ನು."

ಅಂದೆ.

"ಕನ್ನಡದಾಗ ಏನಾತು?"

"ನನ್ನ ಅಪ್ಪನ್ನ ಕೊಂದವರು ಈ ಬೆಟ್ಟದ ಮ್ಯಾಲ ಅದಾರ ಅಂತ."

"ನೋಡ್ರಲೇ!" ಎಂದು ಹುಡುಗರ ಮೇಲೆ ಕೈ ಬೀಸಿದಳು. "ಹೆಣ ಇಟಗೊಂಡು ಕುಂತಾರ, ನೀವು ದಾಟಿಸಿ ದಾಟಿಸಿ ಹೊಂಟೀರಿ." ಆಮೇಲೆ ನನಗೆ, "ಒಳಗ ಬಾ ತಂಗಿ. ಓದಾಕಿ ನೀ, ಅರ್ಥ ಹೇಳಾಕಿ ನಾ."

ಕಾಕುವಿನ ಅತ್ತೆ ಬಾಗಿಲ ಬಾಜು ಹಗ್ಗದ ಹೊರಸಿನ ಮೇಲೆ ಕುಳಿತಿರುತ್ತಿದ್ದಳು. ಹುಡುಗರೆಲ್ಲ ಆಕೆಗೆ ಅಜ್ಜಿಗೆ ಅನ್ನುವ ಹಾಗೆ ಆಯಿ ಎನ್ನುತ್ತಿದ್ದರು. ಯಾರ ಮಗಳು, ಯಾವ ಓಣಿ ಎಂದು ವಿಚಾರಿಸಿದಳು. ತಿಳಿದ ಮೇಲೆ, "ಅಲ್ಲೇ ಹೊಸ್ತಿಲ ಕಡೆ ಕುಂದರ್ಲಿ" ಎಂದಳು.

"ಅಲ್ಲಿಂದ ಅಕ್ಷರ ಕಾಣೂದಿಲ್ರಿ ಅತ್ತಿ" ಎಂದಳು ಕಾಕು. ಜಗಳವಿಲ್ಲ, ಉಪದೇಶವಿಲ್ಲ. ನನ್ನ ರಟ್ಟೆ ಹಿಡಿದು ಟಿವಿಯ ಮುಂದೆ ಕೂರಿಸಿದಳು. ಆಯಿ ಮುಖ ತಿರುವಿದಳು. ಆ ಜಾಗ ನನ್ನದಾಯಿತು.

ಕಾಕುವಿನ ಅರ್ಥ ಬಹಳ ಸಲ ತಪ್ಪಿರುತ್ತಿತ್ತು. ಆಟದಲ್ಲಿ ಒಬ್ಬ ಹೆಂಗಸಿದ್ದಳು. ಬಿಳಿ ಬಟ್ಟೆ, ಉದ್ದ ಕೂದಲು, ಬೋಳು ಹಣೆ. ಮೊದಲ ದಿನವೇ ಕಾಕು ತೀರ್ಮಾನ ಕೊಟ್ಟಿದ್ದಳಂತೆ: "ಬಿಳೇದ ಉಟ್ಟಾಳ, ಹಣಿ ಮ್ಯಾಲ ಕುಂಕುಮ ಇಲ್ಲ. ಗಂಡ ಸತ್ತಾನ ಈಕಿದು." ಸಂಶಿಯ ಹುಡುಗರಿಗೆಲ್ಲ ಆಕೆ ವಿಧವೆ. ಗಂಡನ ಪಾಲಿನ ಕೋಟೆಯನ್ನು ಮೈದುನರು ನುಂಗಿದ್ದಾರೆ, ಅದಕ್ಕೇ ಹೊಡೆದಾಡುತ್ತಾಳೆ. ಮುಂದಿನ ಭಾಗದಲ್ಲಿ ನಾನು ಓದಿದಾಗ ಬೇರೆಯೇ ಬಂತು. ಆಕೆಗೆ ಮದುವೆಯೇ ಆಗಿರಲಿಲ್ಲ, ಹಣ ಪಡೆದು ಮಂದಿಯನ್ನು ಕೊಲ್ಲುವುದು ಆಕೆಯ ಕಸುಬು. ಓದಿ ಮುಗಿಸಿ ಕಾಕುವಿನ ಮುಖ ನೋಡಿದೆ.

ಕಾಕು "ಹೊಟ್ಟಿಪಾಡು" ಎಂದಳು. "ಗಂಡ ಸತ್ತಾಕಿಗೆ ಯಾರು ಕೆಲಸ ಕೊಡ್ತಾರ? ಮದುವಿ ಆಗಿಲ್ಲಂತ ಸುಳ್ಳ ಹೇಳಿ ಸೇರ್ಯಾಳ." ಹುಡುಗರು ಹೌದು ಹೌದು ಎಂದರು. ನನಗೂ ಹೌದೆನಿಸಿತು.

ತಾನು ಆಡಲು ಕುಳಿತರೆ ಯಾವಾಗಲೂ ಬಿಳಿಯವಳನ್ನೇ ಆರಿಸಿಕೊಳ್ಳುತ್ತಿದ್ದಳು. ರೊಟ್ಟಿ ಬಡಿದ ಕೈ. ಗುಂಡಿಗಳನ್ನೂ ಅಂಗೈಯಿಂದ ಬಡಿಯುತ್ತಿದ್ದಳು. ರಿಮೋಟ್ ನೆಲದ ಮೇಲೆ ಕುಣಿಯುತ್ತಿತ್ತು. ಗೆದ್ದದ್ದು ಕಡಿಮೆ. ಆದರೂ ಬೇರೆಯವರಿಗೆ ಪಾಠ ಹೇಳುತ್ತಿದ್ದಳು. ಬಿದ್ದ ಕೂಡಲೇ ಗಾಬರಿಯಾಗಿ ಎಲ್ಲ ಗುಂಡಿ ಒತ್ತುವ ಹುಡುಗನ ತಲೆಗೆ ಮೊಟಕಿ ಹೇಳುವುದು: "ಬಿದ್ದಾಗ ಒತ್ತಬ್ಯಾಡೋ. ಎದ್ದ ಮ್ಯಾಲ ಒತ್ತು. ಬಿದ್ದಾಗಿನ ಏಟು ಯಾರಿಗೂ ಹತ್ತೂದಿಲ್ಲ." ಎರಡನೇ ಸೆಮಿಸ್ಟರಿನಲ್ಲಿ ಒಂದು ಪೇಪರ್ ಹೋದಾಗ ನನಗೂ ಇದನ್ನೇ ಹೇಳಿದಳು. ಮೊಟಕಿಯನ್ನೂ ಬಿಡಲಿಲ್ಲ.

ನನ್ನನ್ನು ಎಳೆದೊಯ್ಯಲು ನನ್ನ ಸೋದರಮಾವ ಒಮ್ಮೆ ಅಂಗಡಿಗೇ ಬಂದಿದ್ದ. "ಕಲಿಯೂ ಹುಡುಗಿನ್ನ ಆಟಕ್ಕ ಹಚ್ಚೀರಿ. ಮರ್ಯಾದಿ ಐತೇನ್ರಿ?"

"ಆಟಕ್ಕ ಹಚ್ಚಿಲ್ರೀ ಅಣ್ಣಾರ, ಓದಾಕ ಹಚ್ಚೀನಿ. ನೀವೂ ಕುಂದರ್ರಿ, ಕೇಳ್ರಿ."

"ಇದನ್ನ ಓದಿದ್ರ ನೌಕರಿ ಕೊಡ್ತಾರೇನು?"

"ನೀವು ಓದಲಾರದ ಇದ್ದದ್ದಕ್ಕ ಯಾರೇನ ಕೊಟ್ಟಾರ್ರಿ?"

ಮಾವ ಸಿಟ್ಟಿನಿಂದ ಹೊರಟುಹೋದ. ಹುಡುಗರು ನಗಲು ಬಾಯಿ ತೆಗೆದರು. ಕಾಕು ಅವರ ಮೇಲೆ ಕಣ್ಣು ಬಿಟ್ಟಳು. "ಅವನ ಮುಂದ ನಗಬೇಕಿತ್ತು, ಈಗ್ಯಾಕ ನಗತೀರಿ? ಆಡ್ರಿ."

ಕಾಲೇಜಿನಲ್ಲಿ ಒಂದು ದಿನ ಪಾಠದ ನಡುವೆ 'ವೆಂಜನ್ಸ್' ಎಂದರೇನು ಎಂದು ಮೇಷ್ಟ್ರು ಕೇಳಿದರು. ಸೇಡು ಸರ್ ಎಂದೆ. ಎಲ್ಲಿ ಓದಿದ್ದೆ ಎಂದು ಕೇಳಿದರು. ಸಂಶಿಯಲ್ಲಿ ಸರ್ ಎಂದೆ. ಅವರಿಗೆ ಇನ್ನೂ ಅರ್ಥವಾಗಿರಲಿಕ್ಕಿಲ್ಲ.

ಮೊಬೈಲು ಎಲ್ಲರ ಕೈಗೆ ಬಂದ ಮೇಲೆ ಅಂಗಡಿಗೆ ಬರುವವರು ನಿಂತರು. ಕೋಣೆಯಲ್ಲಿ ಮೆಣಸಿನಕಾಯಿ ಚೀಲ ಬಂದು ಕುಳಿತವು. ಕಾಕು ಟಿವಿಯ ಮೇಲಿನ ಹಿಟ್ಟು ಒರೆಸುವುದನ್ನು ಮಾತ್ರ ಬಿಡಲಿಲ್ಲ. ಕಥೆಯೂ ಅರ್ಧಕ್ಕೇ ನಿಂತಿತ್ತು. ಕೊನೆಯ ಭಾಗ ಬಂದು ಎಷ್ಟೋ ಕಾಲವಾಗಿತ್ತು, ಇದೇ ಕಡೆಯದು, ಇದರ ಮುಂದೆ ಇಲ್ಲ ಎಂದು ಜಪಾನಿನವರೇ ಹೇಳಿದ್ದರಂತೆ. ಆದರೆ ಅದು ಕಾಕುವಿನ ಹಳೆಯ ಮಷಿನ್ನಿನಲ್ಲಿ ನಡೆಯುವಂಥದ್ದಲ್ಲ. ಹೊಸದು ಬೇಕು. ಯಾರು ತರಬೇಕು?

ಹೋದ ಬೇಸಿಗೆಯಲ್ಲಿ ಕಾಕುವಿನ ಹೊಟ್ಟೆಯಲ್ಲಿ ಗಡ್ಡೆ ಇರುವುದು ತಿಳಿಯಿತು. ತಿಳಿಯುವ ಹೊತ್ತಿಗೆ ಅದು ಎಲ್ಲೆಲ್ಲೋ ಹರಡಿತ್ತು. ಹುಬ್ಬಳ್ಳಿಯ ಡಾಕ್ಟರು ಮನೆಗೆ ಕರೆದುಕೊಂಡು ಹೋಗಿ ಎಂದರು. ನಾನು ನೋಡಲು ಹೋದಾಗ ಹಾಸಿಗೆಯನ್ನು ಅದೇ ಮುಂದಿನ ಕೋಣೆಯಲ್ಲಿ, ಚೀಲಗಳ ನಡುವೆ ಹಾಸಿದ್ದರು. ಮೈ ಕೈ ಬತ್ತಿ ಹೋಗಿದ್ದವು, ಹೊಟ್ಟೆ ಮಾತ್ರ ಉಬ್ಬಿತ್ತು. ನನ್ನನ್ನು ಕಂಡು ಮೊದಲು ಆಡಿದ ಮಾತು, "ಮಂಗಲ ಮಾಡಬೇಕಲ್ಲ."

ನನಗೆ ಹೊಳೆಯಲಿಲ್ಲ.

"ಕಡೀ ಭಾಗ. ನಾ ಹಚ್ಚಿದ್ದು ನಾನ ಮುಗಸಬೇಕು. ನಮ್ಮ ಮಾವಾರದು ಉಳೀತು, ಏನಾತು ನೋಡಿದಿ. ಇದೂ ಉಳಿದ್ರ ಈ ಮನ್ಯಾಗ ತಿನ್ನಾಕ ಉಳದಾಕಿ ಒಬ್ಬಾಕಿನ." ಬಾಗಿಲ ಕಡೆ ಕಣ್ಣು ಹೊರಳಿಸಿದಳು. ಆಯಿ ಹೊರಸಿನ ಮೇಲೆ ಕುಳಿತಿದ್ದಳು.

ಟಿವಿ ಆಟ ಎಲ್ಲಿಯ ಪುರಾಣ, ಅದಕ್ಕೆಲ್ಲಿಯ ಮಂಗಲ ಎಂದು ಆಯಿ ಬೈಯುತ್ತಾಳೆ ಎಂದುಕೊಂಡೆ. ಬೈಯಲಿಲ್ಲ. ಸೆರಗಿನಿಂದ ಮೂಗು ಒರೆಸಿಕೊಂಡು, "ಲಗೂ ಮಾಡ್ರಿ" ಎಂದಳು.

ಹಳೆಯ ಹುಡುಗರಲ್ಲಿ ಒಬ್ಬ ಹುಬ್ಬಳ್ಳಿಯ ಮೊಬೈಲ್ ಅಂಗಡಿಯಲ್ಲಿದ್ದಾನೆ. ಅವನಿಗೆ ಫೋನ್ ಮಾಡಿದೆ. ಯಾರದೋ ಮಷಿನ್ನು, ಯಾರದೋ ತೆಳು ಟಿವಿ, ಕೊನೆಯ ಭಾಗದ ಸಿ.ಡಿ. ಎಲ್ಲ ಜೋಡಿಸಿಕೊಂಡು ಒಂದು ಭಾನುವಾರ ಮುಂಜಾನೆ ಬಂದ. ಟ್ರ್ಯಾಕ್ಟರ್ ಓಡಿಸುವ ಇನ್ನೊಬ್ಬ ಬಂದ. ಮತ್ತಷ್ಟು ಮಂದಿ ಬಂದರು. ಮೀಸೆ ಬಂದಿತ್ತು, ಹೊಟ್ಟೆ ಬಂದಿತ್ತು. ಕೋಣೆಯಲ್ಲಿ ಕಾಲಿಡಲು ಜಾಗವಿಲ್ಲ. ಒಳಗೆ ಆಯಿ ಹುಗ್ಗಿಗೆ ಗೋಧಿ ಹಾಕಿದ್ದಳು. ಕಾಕುವನ್ನು ಚೀಲಕ್ಕೆ ಒರಗಿಸಿ ಕೂರಿಸಿದೆವು. ನಾನು ಟಿವಿಯ ಮುಂದೆ ಕುಳಿತೆ.

ಮೊದಲಿಗೆ ಪರದೆಯ ಮೇಲೆ ಎಲ್ಲರ ಮುಖಗಳು ಬರುತ್ತವೆ, ಬೇಕಾದವರನ್ನು ಆರಿಸಿಕೊಳ್ಳಬೇಕು. ಮೊಬೈಲ್ ಅಂಗಡಿಯವನು ಮುಖದಿಂದ ಮುಖಕ್ಕೆ ಹೋದ. ಮತ್ತೆ ಮೊದಲಿನಿಂದ ಬಂದ.

"ಕಾಕು, ನಿಮ್ಮ ಬಿಳಿಯಾಕಿ ಕಾಣವಲ್ಲಳ್ರೀ."

"ಕೆಳಗಿನ ಸಾಲಿನ್ಯಾಗ ನೋಡಲೇ" ಎಂದ ಟ್ರ್ಯಾಕ್ಟರಿನವನು.

"ನೋಡಿದೆ. ಇಲ್ಲ." ಆಮೇಲೆ ಅವನೇ ಸಮಾಧಾನ ಮಾಡಿದ, "ಒಬ್ಬಿಬ್ಬರನ್ನ ಮುಚ್ಚಿಟ್ಟಿರ್ತಾರ ಕಾಕು. ಆಟ ಮುಗಿಸಿದ ಮ್ಯಾಲ ತೆರೀತಾರ."

"ಮುಚ್ಚಿಟ್ಟಾರೋ ಮಣ್ಣಾಗ ಇಟ್ಟಾರೋ ನೋಡೂಣು. ಆಡು."

ಹೊಸದಾಗಿ ಬಂದ ಒಬ್ಬ ಹುಡುಗಿಯನ್ನು ಆರಿಸಿಕೊಂಡ. ಗಿಡ್ಡ ಕೂದಲು, ನಡುವಿಗೆ ಬಿಳಿ ವಸ್ತ್ರ ಕಟ್ಟಿದ್ದಳು. ಆಟ ನಡೆಯಿತು. ನಾನು ಓದುತ್ತಾ ಹೋದೆ, ಕಾಕು ಅರ್ಥ ಹೇಳುತ್ತಾ ಹೋದಳು. ಉಸಿರು ಸಾಲದೆ ನಡುನಡುವೆ ನಿಲ್ಲಿಸುತ್ತಿದ್ದಳು. ಹುಡುಗರು ಆಟ ನಿಲ್ಲಿಸಿ ಕಾಯುತ್ತಿದ್ದರು. ಹಿಂದೆಲ್ಲ ಒಂದು ಸಾಲಿಗೂ ಕಾಯದವರು.

ಕೊನೆಯ ಕಾಳಗಕ್ಕೆ ಮುಂಚೆ ಆ ಹುಡುಗಿ ಒಂದು ಮರದ ಕೆಳಗೆ ನಿಂತಳು. ಸುತ್ತ ಹಿಮ. ಸಾಲುಗಳು ಬಂದವು. ನಾನು ಕನ್ನಡ ಮಾಡಿ ಓದಿದೆ: "ನನಗೆ ಕತ್ತಿ ಹಿಡಿಯಲು ಕಲಿಸಿದವಳು ಆ ಬಿಳಿ ಬಟ್ಟೆಯವಳು. ಈ ಕೋಟೆಯ ದಾರಿಯನ್ನು ತೋರಿಸಿದವಳೂ ಅವಳೇ." ಅದರ ಕೆಳಗಿನ ಸಾಲನ್ನು ಕಣ್ಣು ಓದಿತು. ಬಾಯಿ ಓದಲಿಲ್ಲ. ಮೊಬೈಲ್ ಅಂಗಡಿಯವನಿಗೆ ಮುಂದೆ ಹೋಗು ಎಂದು ಕಣ್ಸನ್ನೆ ಮಾಡಿದೆ.

"ನಿಲ್ಲು" ಎಂದಳು ಕಾಕು. "ಮೂರು ಸಾಲು ಅದಾವ. ನೀ ಎರಡ ಓದಿದಿ."

ಕಾಕುವಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಸಾಲು ಕಾಣುತ್ತಿದ್ದವು.

"ಅದ ಏನಿಲ್ರಿ ಕಾಕು, ಸುಮ್ಮನ…"

"ಓದಾಕಿ ಅಕ್ಷರ ನುಂಗಬಾರದು. ಓದು."

ಬಾಜುವಿನ ಗಿರಣಿ ತಿರುಗುತ್ತಿತ್ತು. ನಾನು ಓದಿದೆ. "ಹೋದ ಚಳಿಗಾಲದಲ್ಲಿ ಆಕೆ ಸತ್ತಳು. ಆ ಬಿಳಿ ಬಟ್ಟೆಯನ್ನೇ ಹೊದಿಸಿ ಈ ಮರದ ಕೆಳಗೆ ಹೂತೆ."

ಟ್ರ್ಯಾಕ್ಟರಿನವನು ತಲೆ ಕೆಳಗೆ ಹಾಕಿದ. ಕಾಕು ಪರದೆಯನ್ನೇ ನೋಡುತ್ತಿದ್ದಳು.

"ಯಾರ ಕೂಡ ಹೊಡೆದಾಡಿ ಸತ್ಲಂತ?"

"ಬರದಿಲ್ರಿ."

"ಇನ್ನೊಮ್ಮೆ ನೋಡು."

"ಬರದಿಲ್ರಿ ಕಾಕು."

"ಹಂಗಾರ ಹಾಸಿಗ್ಯಾಗ ಸತ್ತಾಳ" ಎಂದಳು. "ಹೊಡೆದಾಡಿ ಸತ್ತಿದ್ರ ಬರೀತಿದ್ರು."

ಇಷ್ಟು ವರ್ಷ ಬಿಳಿಯವಳಿಗೆ ಗಂಡನನ್ನು ಕೊಟ್ಟವಳು, ಕೋಟೆ ಕೊಟ್ಟವಳು, ಸುಳ್ಳು ಹೇಳಿಸಿ ಕೆಲಸಕ್ಕೆ ಸೇರಿಸಿದವಳು, ಈಗ ಒಂದು ಒಳ್ಳೆಯ ಸಾವನ್ನು ಕೊಡಬಹುದಿತ್ತು. ಅರ್ಥ ಹೇಳುವವರಿಗೆ ಆ ಹಕ್ಕಿದೆ. ನಾವೆಲ್ಲ ಅದಕ್ಕೇ ಕಾಯುತ್ತಿದ್ದೆವು. ಆಕೆ ಕೊಡಲಿಲ್ಲ. ಉಸಿರು ತೆಗೆದುಕೊಂಡು, ಪುರಾಣದ ದನಿಯಲ್ಲಿಯೇ ಹೇಳಿದಳು: "ಕೇಳ್ರಿ. ಬಿಳಿಯಾಕಿ ಸತ್ತಾಳ. ಭಾಳ ದಿನ ಬ್ಯಾನಿ ತಿಂದು ಸತ್ತಾಳ. ಈ ಹುಡುಗಿ ಆಕಿನ್ನ ಹುಗಿದು, ಕೈ ತೊಳಕೊಂಡು ಬಂದು ನಿಂತಾಳ. ಈಕಿಗೆ ಅಳಾಕ ಹೊತ್ತಿಲ್ಲ. ಆಡ್ರಿ ಮುಂದ."

ಮೊಬೈಲ್ ಅಂಗಡಿಯವನು ಗುಂಡಿ ಒತ್ತಿದ. ಸೋತ. ಮತ್ತೆ ಸೋತ. ರಿಮೋಟನ್ನು ಟ್ರ್ಯಾಕ್ಟರಿನವನಿಗೆ ಕೊಟ್ಟ, ಅವನೂ ಸೋತ. ಕೈಯಿಂದ ಕೈಗೆ ಹೋಗಿ ಮಧ್ಯಾಹ್ನದ ಹೊತ್ತಿಗೆ ಯಾರೋ ಗೆದ್ದರು. ಯಾರು ಎಂಬುದು ನನಗೆ ನೆನಪಿಲ್ಲ. ಮುಚ್ಚಿಟ್ಟ ಮುಖ ಯಾವುದೂ ತೆರೆದುಕೊಳ್ಳಲಿಲ್ಲ.

ಕರಿ ಪರದೆಯ ಮೇಲೆ ಆಟ ಮಾಡಿದವರ ಹೆಸರುಗಳು ಕೆಳಗಿನಿಂದ ಮೇಲೆ ಹೋಗತೊಡಗಿದವು. ಟ್ರ್ಯಾಕ್ಟರಿನವನು ಏಳಲು ಹೋದ.

"ಕುಂದರೋ. ಬರದವರ ಹೆಸರು, ಬರಸಿದವರ ಹೆಸರು ಓದದ ಮಂಗಲ ಆಗೂದಿಲ್ಲ."

ಓದಿದೆ. ಜಪಾನಿನ ಹೆಸರುಗಳು ಬಾಯಿಗೆ ಕೂರುವುದಿಲ್ಲ, ಸಾಲು ನಿಲ್ಲುವುದಿಲ್ಲ. ಓಡಿ ಓಡಿ ಓದಿದೆ. ಚಿತ್ರ ಬರೆದವರು, ಸಂಗೀತ ಹಾಕಿದವರು, ಲೆಕ್ಕ ನೋಡಿದವರು. ಕಾಕು ಪ್ರತಿ ಹೆಸರಿಗೂ ತಲೆಯಾಡಿಸುತ್ತಿದ್ದಳು, ದೂರದ ಬೀಗರ ಕ್ಷೇಮ ಕೇಳುವ ಹಾಗೆ. ಆಯಿ ಆರತಿ ತಂದು ಟಿವಿಗೆ ಬೆಳಗಿದಳು. ಹೊಸ್ತಿಲಿಗೆ ಕಾಯಿ ಒಡೆದಳು. ಹುಗ್ಗಿಯ ಊಟಕ್ಕೆ ಎಲೆ ಹಾಕುವಾಗ ನಾನು ಹೊರಗಿನ ಕಟ್ಟೆಯ ಕಡೆ ಹೊರಟೆ. ಆಯಿ ಸೌಟು ಹಿಡಿದುಕೊಂಡೇ ಗದರಿದಳು: "ಎಲ್ಲಿಗೆ ಹೊಂಟಿ ಬೇ? ಮುಂಜಾನಿಂದ ಒದರಿ ಒದರಿ ಗಂಟಲ ಹರಕೊಂಡೀದಿ. ಒಳಗ ಕುಂದರ."

ಕಾಕು ಒಂದು ಬೆರಳು ಹುಗ್ಗಿ ನೆಕ್ಕಿದಳು. ಬೆಲ್ಲ ಕಡಿಮೆ ಎಂದಳು.

ಆ ವಾರ ದಾಟಲಿಲ್ಲ. ಹಗಲು ಹೊತ್ತಿನಲ್ಲಿ, ಗಿರಣಿ ನಡೆಯುತ್ತಿರುವಾಗಲೇ ಹೋದಳು. ಬಾಜುವಿನಲ್ಲಿದ್ದವರಿಗೂ ತಿಳಿಯಲಿಲ್ಲ. ಕೊನೆಗೆ ನರಳುವ ಶಬ್ದವೂ ಕೇಳದಷ್ಟು ಸಣ್ಣದಾಗಿತ್ತಂತೆ. ಹಳೆಯ ಹುಡುಗರೇ ಹೆಗಲು ಕೊಟ್ಟರು. ಮಂಗಲ ಮಾಡಿದ್ದಕ್ಕೆ ನೋವು ಕಡಿಮೆಯಾಯಿತು ಎಂದು ಬರೆಯುವ ಆಸೆ ನನಗೂ ಇದೆ. ಆಗಲಿಲ್ಲ. ಕಡೆಯ ದಿನಗಳಲ್ಲಿ ಆಕೆ ಪಟ್ಟದ್ದನ್ನು ನಾನು ಕಂಡಿದ್ದೇನೆ.

ಆಯಿಯ ಕಾಗದಪತ್ರದ ಕೆಲಸಕ್ಕೆ ಕಾಕುವಿನ ಮರಣದ ಸರ್ಟಿಫಿಕೇಟ್ ಬೇಕಾಯಿತು. "ಓದಿದಾಕಿ ಅದೀಯಲ್ಲ, ನೀನ ಹೋಗಿ ತಗೊಂಡ ಬಾ" ಎಂದು ಆಯಿ ನನ್ನನ್ನು ಕಳಿಸಿದಳು. ಅರ್ಜಿ ಬರೆದೆ, ಓಡಾಡಿದೆ, ಸಿಕ್ಕ ದಿನ ನೇರವಾಗಿ ಅಲ್ಲಿಗೇ ಹೋದೆ. ಮುಂದಿನ ಕೋಣೆಯ ಬಾಗಿಲು ಹಾಕಿತ್ತು. ಆಯಿ ಹೊರಸನ್ನು ಅಂಗಳಕ್ಕೆ ಎಳೆದುಕೊಂಡು ಒಬ್ಬಳೇ ಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದಳು. ಸರ್ಟಿಫಿಕೇಟ್ ಕೊಟ್ಟೆ. ಖಾರದ ಕೈಯನ್ನು ಸೀರೆಗೆ ಒರೆಸಿಕೊಂಡು ಎರಡೂ ಕೈಯಿಂದ ತೆಗೆದುಕೊಂಡಳು. ಸರಕಾರಿ ಮುದ್ರೆಯ ಮೇಲೆ ಬೆರಳಾಡಿಸಿದಳು. ಹಾಳೆಯನ್ನು ತಿರುವಿ ಹಿಂದೆಯೂ ನೋಡಿದಳು. ಹಿಂದೆ ಏನೂ ಇರಲಿಲ್ಲ.

"ಒಬ್ಬಾಕಿದ ತಂದೇನ ಹುಚ್ಚಿ?" ಎಂದಳು. "ಹೆಂಗೂ ಹೋಗಿದ್ದಿ. ನಂದೂ ಬರಸಿಕೊಂಡ ಬರಬಾರದಿತ್ತ?"